ಒದ್ದೆ ಸೋಮವಾರ

ಮಾರ್ಚ್ 28, 1995, ಮಂಗಳವಾರ

ಅಮ್ಮನಿಗೆ ತಲೆ ಕೆಟ್ಟಿದೆ. ಈಸ್ಟರ್ ಹಬ್ಬದ ದಿನ ಊರು ಬಿಟ್ಟು ಹೊರಡುತ್ತಾಳಂತೆ. ಲುಬ್ಲಿನ್‌ನಲ್ಲಿ ಹುಟ್ಟಿದ ಯಾವ ಹೆಂಗಸೂ ಈಸ್ಟರ್‌ಗೆ ಹೊಸ್ತಿಲು ದಾಟುವುದಿಲ್ಲ, ದಾಟಿದರೂ ಚರ್ಚಿಗೆ, ಇಲ್ಲವೇ ಅತ್ತೆಮನೆಗೆ. ಇವಳು ಹೊರಟಿರುವುದು ಜರ್ಮನಿಗೆ, ರಾವೆನ್ಸ್‌ಬ್ರುಕ್‌ಗೆ. ಹದಿನೆಂಟನೇ ವಯಸ್ಸಿನಲ್ಲಿ ತನ್ನನ್ನು ಹಿಡಿದೊಯ್ದು ನಾಲ್ಕು ಚಳಿಗಾಲ ಕೂಡಿಹಾಕಿದ್ದ ಯಾತನಾ ಶಿಬಿರಕ್ಕೆ, ಹಬ್ಬದ ಬುತ್ತಿ ಕಟ್ಟಿಕೊಂಡು.

"ಐವತ್ತನೇ ವರ್ಷದ ದೊಡ್ಡ ಸಭೆ ಇದೆಯಲ್ಲಮ್ಮ, ಹಬ್ಬ ಆದ ಮುಂದಿನ ವಾರ. ಮಂತ್ರಿಗಳೆಲ್ಲ ಬರ್ತಾರೆ. ಆಗ ಹೋಗು" ಅಂದೆ.

"ಭಾಷಣ ಮುಗಿಯೋವರೆಗೂ ನಿಂತಿರಬೇಕು. ಅಲ್ಲಿ ನಿಂತೂ ನಿಂತೂ ನಂಗೆ ಸಾಕಾಗಿದೆ" ಅಂದಳು.

"ಹೃದಯದ ಕಥೆ ಏನು? ಜನವರಿಯಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದು ಮರೆತುಹೋಯ್ತಾ?"

"ಹೃದಯಾನೂ ಬರುತ್ತೆ ಕಣೇ. ಮನೇಲಿ ಬಿಟ್ಟು ಹೋಗೋಕಾಗುತ್ತಾ?"

ಇಂಥವಳ ಹತ್ತಿರ ಏನು ಮಾತಾಡುವುದು. ಆಮೇಲೆ ಪಾತ್ರೆ ಒರೆಸುತ್ತಾ, ನನ್ನ ಮುಖ ನೋಡದೆ, "ನೀನೂ ಬಾ ಉಲಾ" ಅಂದಳು. ನಲವತ್ತೇಳು ವರ್ಷದಲ್ಲಿ ಇದೇ ಮೊದಲು. ಒಂದು ಗಳಿಗೆ ಎದೆ ಉಬ್ಬಿತು. ಆಮೇಲೆ ಅರ್ಥವಾಯಿತು, ಮಾತ್ರೆ ಚೀಲ ಹೊರಲು ಒಬ್ಬಳು ಬೇಕಲ್ಲ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದರೆ ಇದೊಂದು ಅನುಕೂಲ.

ಏಪ್ರಿಲ್ 2, ಭಾನುವಾರ

ಬ್ರೊಂಕಾ ಚಿಕ್ಕಮ್ಮನ ಜೊತೆ ಅಮ್ಮ ಫೋನಿನಲ್ಲಿ. ಸಾರು ಎರಡು ಸಲ ಬಿಸಿ ಮಾಡಿದೆ, ಎರಡು ಸಲವೂ ಆರಿತು. ಬಾಗಿಲಾಚೆಯಿಂದ ಬರೀ ನಗು. ನಾನು ಒಳಗೆ ಹೋದ ಕೂಡಲೇ ನಗು ನಿಂತಿತು. "ಏನಮ್ಮ ಅಷ್ಟು ತಮಾಷೆ?" ಅಂದರೆ, "ಏನೂ ಇಲ್ಲ, ಹಳೇದು" ಅಂದಳು.

ಹೊಟ್ಟೆಕಿಚ್ಚು ಅಂತ ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದು ನನ್ನ ದಿನಚರಿ, ಬೇರೆ ಯಾರು ಓದುತ್ತಾರೆ. ಹೌದು, ಹೊಟ್ಟೆಕಿಚ್ಚೇ. ಬ್ರೊಂಕಾ ಚಿಕ್ಕಮ್ಮ, ಪೊಜ್ನಾನ್‌ನ ಗೆನ್ಯಾ ದೊಡ್ಡಮ್ಮ, ನನ್ನ ಅಮ್ಮ ಲೋಜ್ಯಾ: ಶಿಬಿರದಲ್ಲಿ ಮೂವರೂ ಒಂದೇ ಹಲಗೆಯ ಮೇಲೆ ಮಲಗುತ್ತಿದ್ದವರು. ರಕ್ತಸಂಬಂಧವಿಲ್ಲದಿದ್ದರೂ ನಾನು ಚಿಕ್ಕಮ್ಮ, ದೊಡ್ಡಮ್ಮ ಎಂದು ಕರೆದುಕೊಂಡೇ ಬೆಳೆದೆ. ಅಮ್ಮ ನನಗೆ ಅಲ್ಲಿನ ಒಂದು ದಿನದ ಮಾತನ್ನೂ ಹೇಳಿಲ್ಲ. ನನಗೆ ಗೊತ್ತಿರುವುದೆಲ್ಲ ಗ್ರಂಥಾಲಯದಲ್ಲಿ ಓದಿದ್ದು. ನನ್ನ ಜೊತೆ ಮಾತ್ರೆ, ಅವರ ಜೊತೆ ನಗು.

ಹೋಗಿಯೇ ಬಿಡುತ್ತೇನೆ. ಮಾತ್ರೆಗಾಗಿ ಅಲ್ಲ. ಒಂದೇ ಒಂದು ಸಲ, ಆ ಜಾಗದಲ್ಲಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅವಳು ನನಗೆ ಏನಾದರೂ ಹೇಳಬೇಕು. ಅಷ್ಟು ಸಾಕು ನನಗೆ.

ಏಪ್ರಿಲ್ 9, ಗರಿಗಳ ಭಾನುವಾರ

ಪೂಜೆ ಮುಗಿಸಿಕೊಂಡು ಬ್ರೊಂಕಾ ಚಿಕ್ಕಮ್ಮ ಮನೆಗೆ ಬಂದರು. ಎಪ್ಪತ್ತು ದಾಟಿದ್ದಾರೆ, ತುಟಿಗೆ ಕೆಂಪು ಬಣ್ಣ. ಸೋಫಾದ ಮೇಲೆ ತೆಗೆದಿಟ್ಟಿದ್ದ ನನ್ನ ಕಪ್ಪು ಕೋಟು, ಕಪ್ಪು ಕೈಚೀಲ, ಸಮಾಧಿಗೆ ಹಚ್ಚುವ ಗಾಜಿನ ದೀಪಗಳು, ಶಿಬಿರದ ಬಗೆಗಿನ ಪುಸ್ತಕ ಎಲ್ಲ ನೋಡಿ, "ಯಾರು ಹೋಗಿಬಿಟ್ರು?" ಅಂದರು.

"ಸ್ಮಾರಕಕ್ಕೆ ಹೋಗ್ತಿದ್ದೀವಲ್ಲ ಚಿಕ್ಕಮ್ಮ, ಮರ್ಯಾದೆ ಬೇಡ್ವಾ?"

"ಓ, ಮರ್ಯಾದೆ! ಲೋಜ್ಯಾ, ನಿನ್ನ ಮಗಳು ನಮ್ಮನ್ನೂ ಸೇರಿಸಿ ದೀಪ ಹಚ್ಚಿಬಿಡ್ತಾಳೆ ಕಣೇ, ಹುಷಾರು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಚಹಾ ಮಾಡಲು ಹೋದೆ. ಚಿಕ್ಕಮ್ಮನ ಅಳಿಯ ಕಾಜಿಕ್ ತನ್ನ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾನಂತೆ. ವಾರವೆಲ್ಲ ಅದರಲ್ಲಿ ಈರುಳ್ಳಿ ಸಾಗಿಸುವುದು.

ಏಪ್ರಿಲ್ 15, ಶನಿವಾರ

ಬುಟ್ಟಿ ಹಿಡಿದು ಚರ್ಚಿಗೆ ಹೋಗಿ ಮೊಟ್ಟೆ, ಉಪ್ಪು, ಬ್ರೆಡ್ಡು, ಸಾಸೇಜಿಗೆ ಪಾದ್ರಿಗಳಿಂದ ಆಶೀರ್ವಾದ ಮಾಡಿಸಿ ತಂದೆವು. ಅಮ್ಮನ ಬಿ.ಪಿ. ಜಾಸ್ತಿ ಇದೆ. ಹೇಳಿದರೆ, "ನಾಳೆ ಪ್ರಯಾಣ ಅಂತ ಖುಷಿಗೆ" ಅನ್ನುತ್ತಾಳೆ. ಅದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ.

ಏಪ್ರಿಲ್ 16, ಈಸ್ಟರ್. ಪೊಜ್ನಾನ್

ವ್ಯಾನಿನಲ್ಲಿ ಈರುಳ್ಳಿ ವಾಸನೆ. ಮುಂದೆ ಕಾಜಿಕ್ ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಹಬ್ಬ. ವಾರ್ಸಾ ದಾಟುವ ಮೊದಲೇ ಬುಟ್ಟಿ ಬಿಚ್ಚಿದರು. ಚೀಸ್ ಕೇಕಿಗೆ ಒಣದ್ರಾಕ್ಷಿ ಹಾಕಬೇಕೋ ಬೇಡವೋ ಎಂದು ಶುರುವಾದ ಜಗಳ ಎರಡು ಜಿಲ್ಲೆ ದಾಟಿದರೂ ಮುಗಿಯಲಿಲ್ಲ. ನಾನು ನಡುವೆ ಬಾಯಿ ಹಾಕಿ, ಎರಡು ಕೇಕ್ ಮಾಡಿದರಾಯಿತು ಅಂದೆ.

"ಅಮ್ಮಾ ತಾಯಿ," ಬ್ರೊಂಕಾ ಚಿಕ್ಕಮ್ಮ ನನ್ನ ಭುಜ ತಟ್ಟಿದರು, "ಈ ಜಗಳ ಶುರು ಮಾಡಿದಾಗ ನಮ್ಮ ಹತ್ರ ಚೀಸೂ ಇರ್ಲಿಲ್ಲ, ದ್ರಾಕ್ಷೀನೂ ಇರ್ಲಿಲ್ಲ, ತಟ್ಟೇನೂ ಇರ್ಲಿಲ್ಲ. ಬಾಯಲ್ಲೇ ಕೇಕ್ ಸುಡ್ತಿದ್ವಿ. ಇಷ್ಟು ವರ್ಷ ಕಾಪಾಡ್ಕೊಂಡು ಬಂದಿರೋ ಜಗಳ, ನೀನು ಬಂದು ರಾಜಿ ಮಾಡಿಸ್ತೀಯಾ?"

"ಹಾಕಬಾರದು ಅಂದ್ರೆ ಹಾಕಬಾರದು" ಅಂದಳು ಅಮ್ಮ.

ಕಾಜಿಕ್ ಮೆಲ್ಲಗೆ, "ಸುಮ್ನಿದ್ದುಬಿಡಿ ಅಕ್ಕ. ನಾನು ಆ ಮನೆಗೆ ಅಳಿಯ ಆಗಿ ಬಂದಾಗಿಂದ ಕೇಕ್ ತಿಂದೇ ಇಲ್ಲ" ಅಂದ. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ಯಾರಿಗೂ ಕಾಣಿಸಲಿಲ್ಲ ಅಂದುಕೊಂಡಿದ್ದೇನೆ.

ಗೆನ್ಯಾ ದೊಡ್ಡಮ್ಮನ ಮನೆಯಲ್ಲಿ ಇಂದು ತಂಗಿದ್ದೇವೆ. ಮೂವರಲ್ಲಿ ಹಿರಿಯರು, ಮಾತು ಕಡಿಮೆ. ಶಿಬಿರದ ಡಾಕ್ಟರುಗಳು ಪ್ರಯೋಗಕ್ಕೆಂದು ಕತ್ತರಿಸಿ ಹೊಲಿದ ಕಾಲನ್ನು ಎಳೆದುಕೊಂಡು ನಡೆಯುತ್ತಾರೆ. ಬಾಗಿಲು ತೆಗೆದವರೇ, "ಉಲಾನೂ ಬಂದ್ಲಾ!" ಎಂದು ನನ್ನನ್ನು ತಬ್ಬಿಕೊಂಡು, ನನ್ನ ಭುಜದ ಮೇಲಿಂದ ಅಮ್ಮನ ಕಡೆ ನೋಡಿದರು. ಅಮ್ಮ ತಲೆ ಆಡಿಸಿದಳು. ಮತ್ತೆ ಏನೋ ಗುಟ್ಟು. ಇರಲಿ ಬಿಡು.

ಏಪ್ರಿಲ್ 17, ಸೋಮವಾರ, ಬೆಳಿಗ್ಗೆ. ಪೊಜ್ನಾನ್

ಕಾಜಿಕ್‌ನ ಕಿರುಚಾಟಕ್ಕೆ ಎಚ್ಚರವಾಯಿತು. ಮಲಗಿದ್ದಲ್ಲೇ ಅತ್ತೆ ಒಂದು ಚೊಂಬು ನೀರು ಸುರಿದಿದ್ದರು. ಒದ್ದೆ ಸೋಮವಾರ ಅಲ್ಲವೇ ಇವತ್ತು. ಊರಿಗೆ ಊರೇ ನೀರಾಟ. ಮೆಟ್ಟಿಲ ಮೇಲೆ ಮಕ್ಕಳ ಚೀರಾಟ, ಎದುರು ಮನೆಯ ಬಾಲ್ಕನಿಯಿಂದ ಬಕೆಟ್ಟು, ಕೆಳಗೆ ಯಾವಳೋ ಹುಡುಗಿ ತಲೆಯಿಂದ ಕಾಲಿನವರೆಗೆ ನೆನೆದು, ಬೈಯುತ್ತಾ, ಮುಖದಲ್ಲಿ ಮಾತ್ರ ಹಿಗ್ಗು. ನೆನೆದವಳಿಗೆ ವರ್ಷವೆಲ್ಲ ಒಳ್ಳೆಯದಾಗುತ್ತದೆ, ಬೇಕಾದವರ ಮೇಲೇ ನೀರು ಬೀಳುವುದು. ಒಣಗಿ ಉಳಿದವಳು ಯಾರಿಗೂ ಬೇಡದವಳು.

ಅಡುಗೆಮನೆಯಲ್ಲಿ ಅಮ್ಮ, ಗೆನ್ಯಾ ದೊಡ್ಡಮ್ಮ, ಬ್ರೊಂಕಾ ಚಿಕ್ಕಮ್ಮ ಮೂವರೂ ಕೂದಲು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡದ್ದೇ ಚಿಕ್ಕಮ್ಮ ಲೋಟಕ್ಕೆ ಕೈ ಹಾಕಿದರು. "ಉಲಾಗೆ ಬೇಡ" ಅಂದಳು ಅಮ್ಮ. ಚಿಕ್ಕಮ್ಮ ಲೋಟ ಕೆಳಗಿಟ್ಟರು.

ಉಲಾಗೆ ಬೇಡ. ಪ್ರತಿ ವರ್ಷ ಇದೇ ಮಾತು. ಚಿಕ್ಕವಳಿದ್ದಾಗ ಇವತ್ತಿನ ದಿನ ನನ್ನನ್ನು ಒಳಗೆ ಹಾಕಿ ಬೀಗ ಜಡಿಯುತ್ತಿದ್ದಳು. ಮರುದಿನ ಶಾಲೆಯಲ್ಲಿ ಎಲ್ಲ ಹುಡುಗಿಯರಿಗೂ ಶೀತ, ಎಲ್ಲರಿಗೂ ಹೇಳಿಕೊಳ್ಳಲು ಒಂದು ಕಥೆ. ನನ್ನನ್ನು ಕಂಡರೆ, "ಒಣಕಲಿ ಬಂದ್ಲು, ಇವಳನ್ನ ಯಾರೇ ಕಟ್ಕೋತಾರೆ?" ಕೊನೆಗೆ ಕಟ್ಟಿಕೊಂಡವನೂ ಐದು ವರ್ಷಕ್ಕೆ ಬಿಟ್ಟು ಹೋದ. ಅವನನ್ನು ಬೈದು ಮುಗಿಸಿಯಾಗಿದೆ. ಆದರೆ ಅಪ್ಪ ಅಮ್ಮ ಪಕ್ಕದ ಮನೆಯವರು ಎಲ್ಲರೂ ಮಕ್ಕಳಿಗೆ ನೀರು ಹಾಕುವ ದಿನ ನನ್ನ ಅಮ್ಮ ಮಾತ್ರ ಯಾಕೆ ಕೈ ಹಿಂದೆ ಕಟ್ಟಿಕೊಂಡಳು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ಕಾಜಿಕ್ ಹಾರ್ನ್ ಹೊಡೆಯುತ್ತಿದ್ದಾನೆ.

ಅದೇ ದಿನ, ಸಂಜೆ. ಫ್ಯೂರ್ಸ್ಟೆನ್‌ಬರ್ಗ್

ಏನು ಮಾಡಿಬಿಟ್ಟೆ ನಾನು.

ಮಧ್ಯಾಹ್ನ ಶಿಬಿರ ತಲುಪಿದೆವು. ಬಿಸಿಲು ಚೆನ್ನಾಗಿತ್ತು. ಎರಡು ಬಸ್ಸಿನಷ್ಟು ಪ್ರವಾಸಿಗರು, ಎಲ್ಲರೂ ಮೆಲ್ಲಗೆ ಮಾತಾಡುತ್ತಾ, ಟೋಪಿ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದರು. ಹೇಗಿರಬೇಕೋ ಹಾಗೆ. ನಾನು ಪುಸ್ತಕ ತೆರೆದು ಅಮ್ಮನ ಪಕ್ಕ ಹೋಗಿ ನಿಂತೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಅವಳು ಚಿಕ್ಕಮ್ಮನ ತೋಳು ಹಿಡಿದು ಕಪ್ಪು ಜಲ್ಲಿಯ ಮೇಲೆ ಸರಸರ ನಡೆದುಬಿಟ್ಟಳು.

"ಇಲ್ಲೇ ಅಲ್ವೇನೇ ನೀನು ಜಾರಿ ಬಿದ್ದಿದ್ದು?"

"ಬಿದ್ದಿದ್ದು ನೀನು. ನಿನ್ನನ್ನ ಎತ್ತೋಕೆ ಬಂದು ನಾನು ಬಿದ್ದೆ."

"ಇಬ್ಬರ ಮೇಲೂ ಗೆನ್ಯಾ ಬಿದ್ಲು!"

ಅಷ್ಟೇ. ಖಾಲಿ ಬಯಲಿನಲ್ಲಿ ನಿಂತು ಮೂರು ಮುದುಕಿಯರು ಬಿದ್ದು ಬಿದ್ದು ನಕ್ಕರು. ಪ್ರವಾಸಿಗರು ತಿರುಗಿ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾನೊಬ್ಬಳೇ ಹೋಗಿ, ದೇಶಗಳ ಹೆಸರು ಕೆತ್ತಿದ ಗೋಡೆಯ ಹತ್ತಿರ ನಮ್ಮ ದೇಶದ ಹೆಸರಿನ ಕೆಳಗೆ ದೀಪ ಹಚ್ಚಲು ನೋಡಿದೆ. ಗಾಳಿಗೆ ಹತ್ತಲೇ ಇಲ್ಲ, ಕಡ್ಡಿಗಳೆಲ್ಲ ಮುಗಿದವು.

ಆಗ ಕೆರೆಯ ಕಡೆಯಿಂದ ಚೀರಾಟ ಕೇಳಿಸಿತು.

ಓಡಿದೆ. ಗೆನ್ಯಾ ದೊಡ್ಡಮ್ಮ ಮಳೆಯಲ್ಲಿ ಸಿಕ್ಕ ಕೋಳಿಯ ಹಾಗೆ ತೊಯ್ದು ನಿಂತಿದ್ದರು. ಬ್ರೊಂಕಾ ಚಿಕ್ಕಮ್ಮ ಕಾಜಿಕ್‌ನ ವ್ಯಾನ್ ತೊಳೆಯುವ ನೀಲಿ ಬಕೆಟ್ಟಿನಲ್ಲಿ ಕೆರೆಯ ನೀರು ತುಂಬಿ ಅಮ್ಮನ ತಲೆಯ ಮೇಲೆ ಸುರಿಯುತ್ತಿದ್ದರು. ಏಪ್ರಿಲ್ ತಿಂಗಳ ಕೊರೆಯುವ ನೀರು. ಅಮ್ಮ ಕಣ್ಣು ಮುಚ್ಚಿ ಚಿಕ್ಕ ಹುಡುಗಿಯ ಹಾಗೆ ಕಿರುಚುತ್ತಿದ್ದಳು. ಆಮೇಲೆ ಬಕೆಟ್ಟು ಕಿತ್ತುಕೊಂಡು ನೀರಿಗೆ ಇಳಿದಳು. ತುಂಬಿಸಿಕೊಂಡು ತಿರುಗಿದಳು. ಅಷ್ಟರಲ್ಲಿ ನಾನು ಹತ್ತಿರ ತಲುಪಿ ಅವಳ ಕೈಯಿಂದ ಬಕೆಟ್ಟು ಸೆಳೆದು ನೀರನ್ನು ಹುಲ್ಲಿಗೆ ಚೆಲ್ಲಿದೆ.

"ನಿಮಗೆಲ್ಲ ಬುದ್ಧಿ ಇದೆಯಾ?" ಕೂಗಿದ್ದೇ ಕೂಗಿದ್ದು. "ಹೃದಯದ ರೋಗಿ ಇವಳು! ಜನ ಫೋಟೊ ತೆಗೀತಿದ್ದಾರೆ! ಅದೂ ಈ ಕೆರೆ ನೀರಲ್ಲಿ ಆಟನಾ? ಸುಟ್ಟವರ ಬೂದಿ ಎಲ್ಲ ಇದರಲ್ಲೇ ಸುರಿದಿರೋದು. ಗೊತ್ತಿಲ್ವಾ ನಿಮಗೆ?"

ಅಮ್ಮನ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಮಗೆ ಗೊತ್ತಿಲ್ವಾ, ಉಲಾ?" ಅಂದಳು.

ಆಮೇಲೆ ವ್ಯಾನಿಗೆ ಹೋಗಿ ಕೂತಳು. ನಾನು ಹೊದಿಸಿದ ಕಂಬಳಿಯನ್ನು ತೆಗೆದು ಪಕ್ಕಕ್ಕಿಟ್ಟು ಚಿಕ್ಕಮ್ಮನ ಕಂಬಳಿ ಹೊದ್ದಳು. ಈ ಊರಿನ ವಸತಿಗೃಹಕ್ಕೆ ಬಂದ ಮೇಲೆ ಊಟಕ್ಕೆ ಕರೆದರೆ ಬರಲಿಲ್ಲ. ಮಾತ್ರೆ ಕೊಟ್ಟರೆ ನನ್ನ ಅಂಗೈಯಿಂದ ತೆಗೆದುಕೊಳ್ಳದೆ, ಮೇಜಿನ ಮೇಲೆ ಇಡಲು ಸನ್ನೆ ಮಾಡಿದಳು.

ನಾನು ತಪ್ಪು ಏನು ಹೇಳಿದೆ? ಒಂದೂ ಇಲ್ಲ. ಆದರೂ ಯಾಕೆ ಹೀಗೆ ಸಂಕಟವಾಗುತ್ತಿದೆ.

ಊಟ ಆದ ಮೇಲೆ

ಗೆನ್ಯಾ ದೊಡ್ಡಮ್ಮ ನನ್ನ ಕೋಣೆಗೆ ಬಂದರು. ಹಾಸಿಗೆಯ ತುದಿಯಲ್ಲಿ ಕೂತು, ಕಾಲು ನೀವಿಕೊಳ್ಳುತ್ತಾ, ಕೇಳದೆಯೇ ಹೇಳಿದರು. ಮರೆಯುವ ಮೊದಲು ಅವರ ಮಾತಿನಲ್ಲೇ ಬರೆದಿಡುತ್ತೇನೆ.

"ಮೊದಲನೇ ಚಳಿಗಾಲದಲ್ಲಿ ನಿಮ್ಮಮ್ಮನ್ನ ಹೊರಗೆ ನಿಲ್ಲಿಸಿ ಪೈಪಿಂದ ನೀರು ಬಿಟ್ರು ಕಣಮ್ಮ, ಶಿಕ್ಷೆ ಅಂತ. ಹಿಮ ಬೀಳ್ತಿತ್ತು. ಉಳ್ಕೊಂಡ್ಲು. ಆದ್ರೆ ಆಮೇಲೆ ನೀರು ಕಂಡ್ರೆ ನಡುಗೋಳು. ಮುಖ ತೊಳೆಯಲ್ಲ, ಕೈ ತೊಳೆಯಲ್ಲ. ಅಲ್ಲಿ ತೊಳ್ಕೊಳೋದು ಬಿಟ್ಟೋಳು ಹದಿನೈದು ದಿನಕ್ಕೆ ಹೋದ್ಲು ಅಂತಾನೇ ಲೆಕ್ಕ. ನಾವಿಬ್ರೂ ಬೈದ್ವಿ, ಅತ್ವಿ, ಕಾಲು ಹಿಡಿದ್ವಿ, ಊಹೂಂ. ಈಸ್ಟರ್ ಬಂತು. ಸೋಮವಾರ ಬೆಳಗ್ಗೆ ಎಳ್ಕೊಂಡು ನೀರಿನ ಕೋಣೆಗೆ ಹೋದ್ವಿ. ಬ್ರೊಂಕಾ ಒಂದು ತಗಡಿನ ಲೋಟ ತುಂಬಿ ಇವಳ ಮುಖಕ್ಕೇ ಎರಚಿದ್ಲು. 'ಒದ್ದೆ ಸೋಮವಾರ ಕಣೇ! ಒಣಗಿದ್ರೆ ನಿನ್ನ ಯಾರೇ ಕಟ್ಕೋತಾರೆ?' ಅಂದ್ಲು. ನಾನು, ಆಯ್ತು, ಕಥೆ ಮುಗೀತು ಅಂದ್ಕೊಂಡೆ. ನಿಮ್ಮಮ್ಮ ಕಿಟಾರನೆ ಕಿರುಚಿದ್ಲು. ಆಮೇಲೆ ಏನ್ ಮಾಡಿದ್ಲು ಗೊತ್ತಾ? ಲೋಟ ಕಿತ್ಕೊಂಡು ಬ್ರೊಂಕಾಗೆ ಎರಚಿದ್ಲು! ನಂಗೆ ಎರಚಿದ್ಲು! ಕೋಣೇಲಿದ್ದ ಹುಡುಗೀರೆಲ್ಲ ಶುರು ಹಚ್ಕೊಂಡ್ರು. ಕಾವಲಿನೋಳು ಬಂದು ಎಲ್ಲರನ್ನೂ ಒದ್ದೆ ಬಟ್ಟೇಲೇ ಹೊರಗೆ ನಿಲ್ಲಿಸಿದ್ಲು. ಹಲ್ಲು ಕಟಕಟ ಅಂತಿತ್ತು, ಆದ್ರೂ ಸಾಲಿಗೆ ಸಾಲೇ ನಗು ತಡ್ಕೊಳ್ತಿತ್ತು. ಅವತ್ತಿಂದ ನಿಮ್ಮಮ್ಮ ಮತ್ತೆ ಮುಖ ತೊಳ್ಕೊಂಡ್ಲು."

"ಹಾಗಾದ್ರೆ ನನಗೆ ಯಾಕೆ ಹಾಕಲ್ಲ ದೊಡ್ಡಮ್ಮ?" ನನ್ನ ದನಿ ನನಗೇ ಏಳು ವರ್ಷದ ಹುಡುಗಿಯ ದನಿಯಂತೆ ಕೇಳಿಸಿತು.

"ನಾವು ನೆನೆದೋರಮ್ಮ, ನಮ್ಮ ಮೇಲೆ ಸುರೀತಾಳೆ. ನಿನ್ನ ಮೇಲೆ ತಣ್ಣೀರು ಎತ್ತೋಕೆ ಅವಳ ಕೈ ಏಳಲ್ಲ. ಪ್ರಯತ್ನ ಮಾಡಿಲ್ಲ ಅಂದ್ಕೊಂಡ್ಯಾ? ನಿಂಗೆ ಆರು ವರ್ಷ ಇದ್ದಾಗ ಬೆಳಗ್ಗೆ ಎದ್ದು ಲೋಟ ಹಿಡ್ಕೊಂಡು ನಿನ್ನ ಹಾಸಿಗೆ ಹತ್ರ ನಿಂತಿದ್ಲಂತೆ. ನಿಂತಳು, ನಿಂತಳು. ಕೊನೆಗೆ ಆ ನೀರು ತಾನೇ ಕುಡಿದು ಬಂದ್ಲಂತೆ."

ನಾನು ಅತ್ತೆ. ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಮೂಗು ಕಟ್ಟಿತು.

"ಈ ಸಲ ನಿನ್ನನ್ನ ಕರ್ಕೊಂಡು ಬರ್ತೀನಿ ಅಂದಿದ್ದು ಅವಳೇ. ಈಸ್ಟರ್‌ಗೇ ಹೋಗ್ಬೇಕು ಅಂತ ಹಟ ಮಾಡಿದ್ದೂ ಅವಳೇ. ಆ ಕೆರೆ ಹತ್ರ, ನಾವಿಬ್ರೂ ಪಕ್ಕದಲ್ಲಿದ್ರೆ, ಕೈ ಏಳಬಹುದೇನೋ ಅಂತ. ಜನವರೀಲಿ ಆಸ್ಪತ್ರೆಯಿಂದ ಬಂದ ಮೇಲೆ ಫೋನ್ ಮಾಡಿದಾಗ್ಲೆಲ್ಲ ಇದೇ ಮಾತು. ಇವತ್ತು ತುಂಬಿಸಿದ್ಲಲ್ಲ ಆ ಬಕೆಟ್ಟು, ಅದು ನಿಂದಾಗಿತ್ತು ಕಣಮ್ಮ. ನೀನು ಕಿತ್ಕೊಂಡು ಚೆಲ್ಲಿಬಿಟ್ಟೆ."

ಇದನ್ನು ಹೇಳಿ, ನನ್ನ ತಲೆ ಸವರಿ, ಕಾಲೆಳೆದುಕೊಂಡು ಹೋದರು.

ನಾಳೆ ಹತ್ತಕ್ಕೆ ವಾಪಸ್ಸು ಹೊರಡಬೇಕು. ಇನ್ನೊಂದು ಈಸ್ಟರ್‌ಗೆ ಅಮ್ಮ ಇಲ್ಲಿಗೆ ಬರುವುದಿಲ್ಲ, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಇವತ್ತಿನ ಸೋಮವಾರವನ್ನು ನಾನೇ ಕೈಯಾರೆ ಹುಲ್ಲಿಗೆ ಸುರಿದೆ.

ಏಪ್ರಿಲ್ 18, ಮಂಗಳವಾರ. ದಾರಿಯಲ್ಲಿ

ವ್ಯಾನ್ ಕುಲುಕುತ್ತಿದೆ, ಅಕ್ಷರ ನೆಟ್ಟಗಿಲ್ಲ, ಕೂದಲಿನಿಂದ ಇನ್ನೂ ನೀರು ಇಳಿಯುತ್ತಿದೆ. ಆದರೂ ಬರೆಯಬೇಕು.

ಏಳುತ್ತಲೇ ನೆನಪಾಗಿದ್ದು ಮಂಗಳವಾರ. ನಮ್ಮ ಅಜ್ಜಿಯ ಕಾಲದಲ್ಲಿ ಸೋಮವಾರ ಗಂಡಸರು ಹೆಂಗಸರಿಗೆ ನೀರು ಹಾಕಿದರೆ ಮಂಗಳವಾರ ಹೆಂಗಸರ ಸರದಿ, ಅವರು ಬಡ್ಡಿ ಸಮೇತ ತೀರಿಸುವ ದಿನ. ಪೇಟೆಯಲ್ಲಿ ಈಗ ಯಾರೂ ಅದನ್ನು ಆಡುವುದಿಲ್ಲ. ಆಡಬಾರದು ಎಂದೇನೂ ಇಲ್ಲವಲ್ಲ.

ಬೇಗನೆ ಎದ್ದು ವಸತಿಗೃಹದ ಯಜಮಾನಿಯ ಹತ್ತಿರ ಬಿಸಿನೀರು ಕೇಳಿದೆ. ಅರ್ಧ ಬಕೆಟ್ಟು ಹದವಾದ ನೀರು. ಮೊಣಕೈ ಅದ್ದಿ ನೋಡಿದೆ. ಎಷ್ಟಾದರೂ ಹೃದಯದ ರೋಗಿ. ಮುಚ್ಚಳದ ಬದಲು ಅದರ ಮೇಲೆ ನನ್ನ ಕಪ್ಪು ಕೋಟು ಮುಚ್ಚಿ ವ್ಯಾನಿನಲ್ಲಿಟ್ಟೆ. "ಕಾಜಿಕ್, ಒಂದು ಗಳಿಗೆ ಕೆರೆ ಹತ್ರ ನಿಲ್ಸು" ಅಂದೆ. ಅವನು ನನ್ನ ಮುಖ ನೋಡಿದ, ಬಕೆಟ್ಟು ನೋಡಿದ, ವ್ಯಾನ್ ಶುರು ಮಾಡಿದ. ಕೆರೆ ಬಂದಾಗ ತಾನು ಮಾತ್ರ ವ್ಯಾನಿನಿಂದ ಕೆಳಗಿಳಿಯಲಿಲ್ಲ, ಕಿಟಕಿಯ ಗಾಜನ್ನೂ ಏರಿಸಿಕೊಂಡ.

ಕೆರೆಯ ಹತ್ತಿರ ಯಾರೂ ಇರಲಿಲ್ಲ. ಅಮ್ಮ ಮುಖ ಗಂಟು ಹಾಕಿಕೊಂಡೇ ಇಳಿದಳು.

"ಮತ್ತೆ ಯಾಕೆ ಇಲ್ಲಿ? ದೀಪ ಹಚ್ಚೋದು ಬಾಕಿ ಇತ್ತಾ?"

ನಾನು ಬಕೆಟ್ಟು ಎತ್ತಿ ಅವಳ ಮೇಲೆ ಸುರಿದೇಬಿಟ್ಟೆ.

ಅಮ್ಮ ಬಾಯಿ ತೆರೆದು ನಿಂತಳು. ಕೈಯಿಂದ ಮುಖ ಒರೆಸಿಕೊಂಡಳು. ಅಂಗೈ ನೋಡಿಕೊಂಡಳು.

"ಬೆಚ್ಚಗಿದೆ!" ಅಂದಳು. "ಬ್ರೊಂಕಾ, ಇವಳು ನಂಗೆ ಸ್ನಾನ ಮಾಡಿಸ್ತಿದ್ದಾಳೆ ಕಣೇ!"

"ಸೋಪು ತಂದಿದ್ದೀಯೇನಮ್ಮ ಉಲಾ?" ಅಂದರು ಚಿಕ್ಕಮ್ಮ. "ಬೆನ್ನು ಉಜ್ಜೋಕೆ ಬ್ರಶ್ಶು?"

ಗೆನ್ಯಾ ದೊಡ್ಡಮ್ಮ ನಕ್ಕೂ ನಕ್ಕೂ ನಿಲ್ಲಲಾರದೆ ಹುಲ್ಲಿನ ಮೇಲೆ ಕೂತುಬಿಟ್ಟರು. ಒದ್ದೆ ಹಬ್ಬ ಹುಟ್ಟಿದಾಗಿನಿಂದ ಬಿಸಿನೀರು ಕಾಯಿಸಿಕೊಂಡು ಬಂದವಳು ನಾನೊಬ್ಬಳೇ ಇರಬೇಕು. ನನಗೂ ನಗು ಬಂತು. ಕಿಟಕಿಯ ಕಡೆ ತಿರುಗಿಕೊಳ್ಳಲು ಅಲ್ಲಿ ಕಿಟಕಿಯೇ ಇರಲಿಲ್ಲ.

ನಗು ನಿಂತ ಮೇಲೆ ಅಮ್ಮ ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡಳು. ಮೆಲ್ಲಗೆ ನೀರಿನ ಅಂಚಿಗೆ ಹೋದಳು. ಬಗ್ಗಿದಳು. ಯಾರೂ ಸಹಾಯಕ್ಕೆ ಹೋಗಲಿಲ್ಲ, ನಾನೂ ಹೋಗಲಿಲ್ಲ.

"ಬೂದಿ ಅಂದೆಯಲ್ಲ ನಿನ್ನೆ" ಎಂದಳು, ಬೆನ್ನು ತಿರುಗಿಸಿಕೊಂಡೇ. "ಇಲ್ಲಿರೋರು ನಮ್ಮ ಹುಡುಗೀರೇ ಕಣೇ. ನೀರಿನ ಕೋಣೇಲಿ ಅವತ್ತು ಎರಚಾಡಿದೋರೇ. ಹೆಲ್ಯಾ ಇದಾಳೆ, ಉದ್ದ ಜಡೆಯ ತೋಸ್ಯಾ ಇದಾಳೆ, ನಂಗೆ ತನ್ನ ಕಾಲುಚೀಲ ಕೊಟ್ಟ ಪೆಲಾಗ್ಯಾ ಇದಾಳೆ. ಎಲ್ಲಾ ಆಟಗುಳಿಗಳು. ಅವರನ್ನ ಬಿಟ್ಟು ನಾವಷ್ಟೇ ಹೇಗೆ ಆಡೋದು? ಅವರೂ ನಿನ್ನನ್ನ ನೋಡ್ಲಿ. ಲೋಜ್ಯಾಗೆ ಮಗಳಾದಳು ಅಂತ ಗೊತ್ತಾಗ್ಲಿ."

ಬಕೆಟ್ಟು ತುಂಬಿ ನನ್ನ ಎದುರು ಬಂದು ನಿಂತಳು. ಎರಡೂ ಕೈಯಲ್ಲಿ ಎತ್ತಿದಳು, ಎದೆಯ ಮಟ್ಟಕ್ಕೆ. ಅಲ್ಲೇ ನಿಂತಿತು. ಅವಳ ತೋಳು ನಡುಗಿ ನೀರು ಅವಳ ಶೂಗಳ ಮೇಲೇ ತುಳುಕಿತು. ತುಟಿ ಬಿಳಿಚಿಕೊಂಡಿತು. ಬ್ರೊಂಕಾ ಚಿಕ್ಕಮ್ಮ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ಬಕೆಟ್ಟು ಇಳಿಸಿದಳು. ಮತ್ತೆ ಎತ್ತಿದಳು. ಮತ್ತೆ ಇಳಿಸಿದಳು.

"ಆಗಲ್ಲ ಕಣೇ ಉಲಾ" ಅಂದಳು. "ಶೀತ ಆಗುತ್ತೆ ನಿಂಗೆ."

ಅಷ್ಟು ವರ್ಷ ಬೀಗ ಜಡಿದದ್ದು, ಉಲಾಗೆ ಬೇಡ ಎಂದದ್ದು, ಎಲ್ಲದರ ಅರ್ಥ ಅಷ್ಟೇ ಇತ್ತು, ನನಗೆ ಶೀತ ಆಗುತ್ತೆ. ನಾನು ಸ್ವೆಟರು, ಟೋಪಿ ಕಿತ್ತು ಹುಲ್ಲಿನ ಮೇಲೆ ಎಸೆದೆ. ಅವಳ ಮುಂದೆ ಮೊಣಕಾಲೂರಿ ಕೂತೆ, ಅಷ್ಟು ಎತ್ತರಕ್ಕೆ ಎತ್ತುವ ಕಷ್ಟ ಇರಬಾರದು ಎಂದು.

"ಹಾಕಮ್ಮ," ಅಂದೆ. "ನಲವತ್ತೇಳು ಆಯ್ತು ನಂಗೆ. ಇನ್ನೂ ಒಣಗಿದ್ರೆ ಯಾರಮ್ಮ ನನ್ನ ಕಟ್ಕೋತಾರೆ?"

ಅಮ್ಮ ನನ್ನನ್ನು ನೋಡಿದಳು. ಮೂಗಿನಿಂದ ಒಂದು ಸದ್ದು ಬಂತು, ಅಳುವೋ ನಗುವೋ. ನಗುವೇ. "ಯಾವನಾದ್ರೂ ಸಿಕ್ರೆ ಮೊದಲು ನಂಗೆ ತೋರಿಸು. ಹೋದ ಸಲದೋನ ಹಾಗಿರಬಾರ್ದು" ಅಂದಳು. ಹೇಳುತ್ತಲೇ ಬಕೆಟ್ಟು ಮೇಲೆ ಹೋಯಿತು, ಭುಜ ದಾಟಿ, ತಲೆ ದಾಟಿ, ನೀರು ಪೂರ್ತಿ ನನ್ನ ಮೇಲೆ ಬಿತ್ತು.

ಉಸಿರು ನಿಂತೇ ಹೋಯಿತು. ಅಷ್ಟು ತಣ್ಣಗಿತ್ತು. ಕಿರುಚಿದೆ. ಅಮ್ಮನೂ ಕಿರುಚಿದಳು. ಚಿಕ್ಕಮ್ಮ ದೊಡ್ಡಮ್ಮ ಇಬ್ಬರೂ ಬಂದು ಅಂಗೈಯಲ್ಲಿ ಮೊಗೆದು ಮೊಗೆದು ನಮ್ಮಿಬ್ಬರಿಗೂ ಎರಚಿದರು. ಯಾವುದೋ ಪ್ರವಾಸಿ ದಂಪತಿ ದೂರದಲ್ಲಿ ಗಾಬರಿಯಿಂದ ನಿಂತಿದ್ದರು. ನಾನು ಅವರಿಗೆ ಕೈ ಬೀಸಿದೆ. ಯಾಕೆ ಬೀಸಿದೆನೋ.

ಅಮ್ಮ ತನ್ನ ಸ್ಕಾರ್ಫಿನಿಂದ ನನ್ನ ತಲೆ ಒರೆಸಿದಳು, ಗಸಗಸ ಅಂತ, ಕಿವಿ ಕಿತ್ತುಹೋಗುವ ಹಾಗೆ. ಆಮೇಲೆ ನನ್ನ ಕೈ ಹಿಡಿದುಕೊಂಡು, ನೀರಿನ ಕೋಣೆ ಇದ್ದ ಜಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಈಗ ಏನೂ ಇಲ್ಲ, ಜಲ್ಲಿ ಮಾತ್ರ. "ಇಲ್ಲಿ ಬ್ರೊಂಕಾ ನಿಂತಿದ್ಲು," ಅಂದಳು. "ಇಲ್ಲಿ ನಾನು. ಬಾ, ನೀನು ಅಲ್ಲಿ ಗೆನ್ಯಾ ಇದ್ದಲ್ಲಿ ನಿಂತ್ಕೊ, ಆಗ ಗೊತ್ತಾಗುತ್ತೆ." ನಾನು ನಿಂತುಕೊಂಡೆ. ಅವಳು ಎಲ್ಲ ಹೇಳಿದಳು, ಪೈಪಿನದೂ, ಲೋಟದ್ದೂ. ಎರಡು ಸಲ ಅತ್ತಳು, ಅದಕ್ಕಿಂತ ಹೆಚ್ಚು ಸಲ ನಕ್ಕಳು. ಪುಸ್ತಕದಲ್ಲಿ ಇದ್ದದ್ದಕ್ಕೂ ಅವಳು ಹೇಳಿದ್ದಕ್ಕೂ ಬಹಳ ವ್ಯತ್ಯಾಸವಿದೆ. ಪುಸ್ತಕದಲ್ಲಿ ಅವಳು ಇರಲಿಲ್ಲ.

ಗಡಿ ಬಂತು. ಪಾಸ್‌ಪೋರ್ಟ್ ನೋಡುವವನು ನಾಲ್ಕು ಒದ್ದೆ ಹೆಂಗಸರನ್ನು ನೋಡಿ ಏನೋ ಕೇಳುತ್ತಿದ್ದ. "ಈಸ್ಟರ್" ಅಂದೆವು ಎಲ್ಲರೂ ಒಟ್ಟಿಗೆ.

ಏಪ್ರಿಲ್ 20, ಗುರುವಾರ. ಲುಬ್ಲಿನ್

ಮೂಗು ಸೋರುತ್ತಿದೆ. ಅಮ್ಮನಿಗೆ ಏನೂ ಆಗಿಲ್ಲ. ಬಿ.ಪಿ. ನೋಡಲು ಮರೆತೆ, ನಾಳೆ ನೋಡುತ್ತೇನೆ.

ಸಾರು ಕುಡಿಯುತ್ತಾ ತೋಸ್ಯಾಳ ಜಡೆಯ ಕಥೆ ಹೇಳಿದಳು. ಅರ್ಧಕ್ಕೆ ನಿದ್ದೆ ಹೋದಳು. ಉಳಿದರ್ಧ ನಾಳೆ ಕೇಳಬೇಕು.

ಏಪ್ರಿಲ್ 24, ಸೋಮವಾರ

ಇವತ್ತಿನಿಂದ ಮತ್ತೆ ಕೆಲಸಕ್ಕೆ. ಗಂಟಲು ಪೂರ್ತಿ ಕಟ್ಟಿದೆ, ಕಣ್ಣು ಕೆಂಪು, ಮೂಗು ಅದಕ್ಕಿಂತ ಕೆಂಪು. ಅಂಗಡಿಯಲ್ಲಿ ಬೆಳಗಿನ ಹೊತ್ತು ಯಾವಾಗಲೂ ಸಾಲು ಇರುತ್ತದೆ. ಮೊದಲು ನಿಂತಿದ್ದವರು ಮೇಲಿನ ಮಹಡಿಯ ಮೆಶ್ಕೋವ್ಸ್ಕಾ, ಹಳೆಯ ಗಿರಾಕಿ. ತಮ್ಮ ಚೀಟಿ ಕೊಡುವುದು ಬಿಟ್ಟು ನನ್ನನ್ನೇ ನೋಡಿದರು.

"ಅಯ್ಯೋ, ಏನ್ರೀ ಇದು? ಬೇರೆಯವರಿಗೆಲ್ಲ ಔಷಧಿ ಕೊಡೋರು ನೀವು. ಈ ವಯಸ್ಸಲ್ಲಿ ಎಲ್ಲಿ ಹೋಗಿ ನೆನೆದ್ರಿ?"

"ನಮ್ಮಮ್ಮ ನೀರು ಹಾಕಿದ್ರು" ಅಂದೆ. ಅವರಿಗೆ ಕಿವಿ ಮಂದ ಏನಲ್ಲ, ಆದರೂ ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿದೆ. "ನಮ್ಮಮ್ಮ. ಒಂದು ಬಕೆಟ್ಟು ಪೂರ್ತಿ."